ಒಲೆ ಬೇರೆಯಾದರೂ ಬೇರೆಯಾಗದ ಚೀಟಿ

ಇವರಿಗೆ,
ಪಡಿತರ ಚೀಟಿಯ ನಿಯಮ ರೂಪಿಸುವ ಹಾಗೂ ಜಾರಿಗೆ ತರುವ ರಾಜ್ಯ ಸರ್ಕಾರದ ಮಾನ್ಯರಿಗೆ

ವಿಷಯ: ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಪಡಿತರ ಚೀಟಿ ಸಿಗದೆ ಆಗುತ್ತಿರುವ ತೊಂದರೆಯ ಬಗ್ಗೆ

ಮಾನ್ಯರೇ,

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುವವಳು. ಕುಟುಂಬ ಎಂದರೇನು ಎಂಬುದು ನನಗೆ ಪ್ರತಿ ವರ್ಷದ ಪಾಠ. ನಮ್ಮ ರಾಜ್ಯದ ಬಡವರಿಗೆ ಅದು ಊಟದ ಪ್ರಶ್ನೆ. ಅಕ್ಕಿ ಬೇಕಾದರೂ, ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಬೇಕಾದರೂ ಮೊದಲು ಕೇಳುವುದು ರೇಷನ್ ಕಾರ್ಡು. ಕಾರ್ಡಿನಲ್ಲಿ ಇದ್ದವರು ಕುಟುಂಬ, ಇಲ್ಲದವರು ಅಲ್ಲ. ಮನೆ ಒಡೆದು ವರ್ಷಗಳಾದರೂ ಕಾರ್ಡು ಒಡೆಯದೆ, ಸಾವಿರಾರು ಹೆಣ್ಣುಮಕ್ಕಳು ತಾವು ಬಿಟ್ಟು ಬಂದ ಮನೆಯ ಸದಸ್ಯರಾಗಿಯೇ ಕಾಗದದಲ್ಲಿ ಉಳಿದಿದ್ದಾರೆ. ಈ ಪತ್ರ ಅವರ ಪರವಾಗಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಗತಿ ಹೇಳುತ್ತೇನೆ. ಕುಡಿದು ಹೊಡೆಯುವ ಗಂಡನನ್ನು ಬಿಟ್ಟು, ಮಗನನ್ನು ಕರೆದುಕೊಂಡು ತವರೂರಿಗೆ ಬಂದಳು. ಅಣ್ಣನ ಮನೆಯಲ್ಲಿ ಜಾಗ ಸಾಲದೆ ಪಕ್ಕದಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾಳೆ. ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಅವಳ ಹೆಸರೂ ಮಗನ ಹೆಸರೂ ಇನ್ನೂ ಅತ್ತೆಯ ಕಾರ್ಡಿನಲ್ಲೇ ಇವೆ. ಅದನ್ನು ತೆಗೆಸಲು ಹೋದಾಗ ಜೊತೆಗೆ ನಾನೂ ಇದ್ದೆ. ಕೌಂಟರಿನಲ್ಲಿದ್ದವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದರು:

“ಕಾರ್ಡು ಯಾರ ಹೆಸರಲ್ಲಿದೆಯಮ್ಮಾ?”

“ನಮ್ಮತ್ತೆ ಹೆಸರಲ್ಲಿ ಸಾರ್.”

“ಹಂಗಾದ್ರೆ ಅತ್ತೇನ ಕರ್ಕೊಂಡು ಬನ್ನಿ, ಹೆಬ್ಬೆಟ್ಟು ಕೊಡ್ಬೇಕು. ಇಲ್ಲಾಂದ್ರೆ ಡೈವೋರ್ಸ್ ಆರ್ಡರ್ ತನ್ನಿ.”

ಯಾವ ಮನೆಯಿಂದ ಜೀವ ಉಳಿಸಿಕೊಂಡು ಬಂದಳೋ ಆ ಮನೆಗೇ ಹೋಗಿ ಕೈಮುಗಿದು ನಿಲ್ಲಬೇಕು. ಇಲ್ಲವೇ ವಕೀಲರಿಗೆ ಫೀಸು ಕೊಟ್ಟು, ಕೋರ್ಟಿಗೆ ಅಲೆದು, ಆದೇಶ ಬರುವ ತನಕ ಕಾಯಬೇಕು. ಇವೆರಡೂ ಅವಳಿಂದ ಆಗದು. ಅತ್ತೆಯನ್ನೂ ನಾನು ದೂರುವುದಿಲ್ಲ. ಎರಡು ಹೆಸರು ಹೋದರೆ ಆ ಮನೆಗೆ ಬರುವ ಅಕ್ಕಿ ಕಡಿಮೆಯಾಗುತ್ತದೆ. ಆಕೆಯೂ ಬಡವಿಯೇ. ಸೊಸೆಯ ಹೊಟ್ಟೆ ತುಂಬಬೇಕಾದರೆ ಅತ್ತೆ ಕಳೆದುಕೊಳ್ಳಬೇಕು, ಅದಕ್ಕೆ ಅತ್ತೆಯೇ ಒಪ್ಪಿಗೆ ಕೊಡಬೇಕು ಎಂಬ ಏರ್ಪಾಡು ತಪ್ಪು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯನ್ನು ನಾನು ಗೌರವದಿಂದ ಪಾಠ ಮಾಡುತ್ತೇನೆ. ಅದರ 13ನೇ ಕಲಮಿನ ಪ್ರಕಾರ ಮನೆಯಲ್ಲಿ ಹದಿನೆಂಟು ದಾಟಿದ ಹೆಂಗಸರಲ್ಲಿ ಹಿರಿಯಳೇ ಪಡಿತರ ಚೀಟಿಯ ಮಟ್ಟಿಗೆ ಯಜಮಾನಿ. ಗಂಡಸೇ ಮನೆಯ ದೊರೆ ಎಂದು ನಂಬಿದ್ದ ಸಮಾಜದಲ್ಲಿ ಅದು ದೊಡ್ಡ ಹೆಜ್ಜೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆ ಅದೇ ಯಜಮಾನಿಯ ಕೈಗೆ ತಿಂಗಳಿಗೆ 2000 ರೂಪಾಯಿ ಕೊಟ್ಟಿತು. ಆ ಹಣದಿಂದ ಔಷಧಿ ತಂದವರನ್ನು, ಮಕ್ಕಳ ಫೀಸು ಕಟ್ಟಿದವರನ್ನು ನಾನು ಬಲ್ಲೆ. ಆದರೆ ಒಂದು ಮನೆಗೆ ಒಬ್ಬಳೇ ಯಜಮಾನಿ ಎಂದು ಬರೆದಾಗ ಉಳಿದ ಹೆಂಗಸರ ಗತಿ ಏನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಹಣ ಅತ್ತೆಗೋ ಸೊಸೆಗೋ ಎಂಬ ಚರ್ಚೆ ರಾಜ್ಯದಲ್ಲೆಲ್ಲ ನಡೆದದ್ದು ಸುಮ್ಮನೆ ಅಲ್ಲ.

ಮನೆಯೊಳಗೆ ಎಲ್ಲರ ಹಿತವೂ ಒಂದೇ ಎಂದು ನಂಬಿ ಯೋಜನೆ ಮಾಡಿದರೆ ಆಗುವ ತೊಂದರೆಯಿದು. ಕುಟುಂಬದೊಳಗೆ ಸಹಕಾರವೂ ಇರುತ್ತದೆ, ಸಂಘರ್ಷವೂ ಇರುತ್ತದೆ, ಹೊರಗೆ ಹೋದರೆ ಬದುಕಲು ದಾರಿಯಿಲ್ಲದವರಿಗೆ ಒಳಗೂ ದನಿ ಇರುವುದಿಲ್ಲ ಎಂಬುದನ್ನು ಅಮರ್ತ್ಯ ಸೇನ್ ಬಹಳ ಹಿಂದೆಯೇ ವಿವರಿಸಿದ್ದಾರೆ. ನಮ್ಮ ಹಳ್ಳಿಯ ಯಾವ ಹೆಂಗಸಿಗೂ ಇದು ಹೊಸ ವಿಷಯವಲ್ಲ. ತನ್ನದೇ ಒಂದು ಕಾರ್ಡು ಸಿಗುತ್ತದೆ ಎಂಬ ಭರವಸೆಯಿದ್ದರೆ ಹೊಡೆತ ತಿನ್ನುತ್ತಾ ಕೂರುವ ಎಷ್ಟೋ ಜನ ಎದ್ದು ಬಂದಾರು.

ಕುಟುಂಬ ಬೇರೆ, ಒಂದೇ ಒಲೆಯ ಮನೆವಾರ್ತೆ ಬೇರೆ ಎಂಬುದು ನಮ್ಮ ಶಾಸ್ತ್ರದಲ್ಲಿ ಹಳೆಯ ಮಾತು. ಐ.ಪಿ. ದೇಸಾಯಿ ಗುಜರಾತಿನ ಮಹುವಾ ಪಟ್ಟಣದಲ್ಲಿ ಅಧ್ಯಯನ ಮಾಡಿ, ಬೇರೆ ಬೇರೆ ಮನೆಯಲ್ಲಿದ್ದೂ ಆಸ್ತಿ, ಕಷ್ಟಸುಖ, ಕಾರ್ಯಕಟ್ಟಳೆಗಳಲ್ಲಿ ಒಂದಾಗಿರುವವರನ್ನು ತೋರಿಸಿದರು. ಎ.ಎಂ. ಷಾ ಅವರು 1973ರ ತಮ್ಮ ಗ್ರಂಥದಲ್ಲಿ ಈ ಎರಡನ್ನೂ ಕಲಸಿಬಿಡಬೇಡಿ ಎಂದು ಸ್ಪಷ್ಟವಾಗಿ ವಾದಿಸಿದರು. ನಮ್ಮ ಜನಗಣತಿಯೂ ಒಟ್ಟಿಗೆ ವಾಸವಿದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನೇ ಒಂದು ಮನೆ ಎಂದು ಎಣಿಸುತ್ತದೆ. ಕೆಲಸದ ನಿಮಿತ್ತ ಹೊರಗೆ ಉಣ್ಣಬೇಕಾದವರಿಗೂ ಆ ವ್ಯಾಖ್ಯೆಯಲ್ಲಿ ಅವಕಾಶವಿದೆ. ಗಣತಿಗೆ ಬಂದವರು ನನ್ನ ವಿದ್ಯಾರ್ಥಿನಿಯ ಕೋಣೆಯನ್ನು ಒಂದು ಮನೆ ಎಂದು ಬರೆದುಕೊಳ್ಳುತ್ತಾರೆ. ಪಡಿತರದ ಲೆಕ್ಕದಲ್ಲಿ ಆ ಮನೆ ಇಲ್ಲ.

ನಾನು ತರಗತಿಯಲ್ಲಿ ಒಂದು ಅಭ್ಯಾಸ ಕೊಡುತ್ತೇನೆ. ನಿನ್ನೆ ರಾತ್ರಿ ನಿಮ್ಮ ಮನೆಯ ಅನ್ನ ಯಾರ್ಯಾರು ಉಂಡರು ಎಂದು ಹಾಳೆಯ ಒಂದು ಬದಿಗೆ, ಕಾರ್ಡಿನಲ್ಲಿ ಯಾರ್ಯಾರಿದ್ದಾರೆ ಎಂದು ಇನ್ನೊಂದು ಬದಿಗೆ ಬರೆಯಲು ಹೇಳುತ್ತೇನೆ. ಎರಡೂ ಬದಿ ಹೊಂದುವ ಹಾಳೆಗಳು ಬಹಳ ಇರುವುದಿಲ್ಲ. ಅಪ್ಪ ಅಮ್ಮ ಗುಳೆ ಹೋಗಿ ಅಜ್ಜಿಯ ಜೊತೆ ಇರುವ ಮಕ್ಕಳಿದ್ದಾರೆ. ಸೋದರಮಾವನ ಮನೆಯಲ್ಲಿ ಬೆಳೆಯುವವರಿದ್ದಾರೆ. ಬೆಂಗಳೂರಿನ ಮಗ ತೆರಿಗೆ ಕಟ್ಟುತ್ತಾನೆಂದು ಊರಿನಲ್ಲಿ ಒಂಟಿಯಾಗಿರುವ ಅಜ್ಜಿಯ ಬಿಪಿಎಲ್ ಕಾರ್ಡು ರದ್ದಾದದ್ದನ್ನು ಬರೆದವರೂ ಇದ್ದಾರೆ. ಪಠ್ಯದಲ್ಲಿ ಮರ್ಡಾಕ್ 1949ರಲ್ಲಿ ಕೊಟ್ಟ ವ್ಯಾಖ್ಯೆ ಇದೆ: ಒಂದೇ ಸೂರು, ಆರ್ಥಿಕ ಸಹಕಾರ, ಸಂತಾನ. ಅಮೆರಿಕದ ಆ ವಿದ್ವಾಂಸನ ಮಾತನ್ನು ಪರೀಕ್ಷೆಗೆ ಬರೆಯುವ ಮಕ್ಕಳ ಮನೆಗಳೇ ಅದರೊಳಗೆ ಹಿಡಿಸುವುದಿಲ್ಲ.

ಗಂಡನಿಲ್ಲದ ಮನೆ ಕುಟುಂಬವೇ ಅಲ್ಲ ಎನ್ನುವವರು ನಮ್ಮ ಕರಾವಳಿಯ ಇತಿಹಾಸ ನೋಡಬೇಕು. ಅಲ್ಲಿನ ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬವೆಂದರೆ ತಾಯಿ, ಅವಳ ಮಕ್ಕಳು, ಅವಳ ಒಡಹುಟ್ಟಿದವರು. ಗಂಡನು ಹೆಂಡತಿಯ ಕುಟುಂಬದ ಸದಸ್ಯನಾಗಿರಲಿಲ್ಲ, ಅವನು ತನ್ನ ತಾಯಿಯ ಕುಟುಂಬಕ್ಕೆ ಸೇರಿದವನು. ಕಾನೂನೂ ಇದನ್ನು ಮಾನ್ಯ ಮಾಡಿತ್ತು. ನಮ್ಮ ಕಾಲದಲ್ಲೂ, ಚಂಡೀಗಢದ ದಾದಿಯೊಬ್ಬರ ಹೆರಿಗೆ ರಜೆಯ ಪ್ರಕರಣದಲ್ಲಿ 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್, ರೂಢಿಯ ಚೌಕಟ್ಟಿಗೆ ಹೊಂದದ ಕುಟುಂಬಗಳಿಗೂ ಕಾನೂನಿನ ರಕ್ಷಣೆ ಮಾತ್ರವಲ್ಲ, ಕಲ್ಯಾಣ ಕಾಯ್ದೆಗಳ ಪ್ರಯೋಜನವೂ ಸಿಗಬೇಕು ಎಂದಿತು. ಕಾನೂನು ಇಷ್ಟು ಮುಂದೆ ಬಂದಿರುವಾಗ ಕೌಂಟರು ಹಿಂದೆ ಉಳಿಯಬಾರದು.

ನಿಮ್ಮ ಆತಂಕ ನನಗೆ ಗೊತ್ತು. ಕೇಳಿದವರಿಗೆಲ್ಲ ಬೇರೆ ಕಾರ್ಡು ಕೊಟ್ಟರೆ ಒಂದೇ ಮನೆಯಲ್ಲಿದ್ದುಕೊಂಡು ಎರಡು ಕಾರ್ಡು ಮಾಡಿಸಿಕೊಳ್ಳುತ್ತಾರೆ ಎಂಬ ಮಾತು ಸುಳ್ಳಲ್ಲ. ಅಂಥವರನ್ನು ತಡೆಯಬೇಕು. ಆದರೆ ಯಾರ ಒಲೆ ಎಲ್ಲಿ ಉರಿಯುತ್ತದೆ ಎಂಬುದು ಊರಿಗೇ ಗೊತ್ತಿರುವ ವಿಷಯ. ಅಂಗನವಾಡಿ ಕಾರ್ಯಕರ್ತೆಗೆ ಯಾವ ಮಗು ಯಾವ ಮನೆಯಿಂದ ಬರುತ್ತದೆಂದು ತಿಳಿದಿದೆ, ಆಶಾ ಕಾರ್ಯಕರ್ತೆ ಮನೆ ಮನೆ ಹತ್ತಿ ಇಳಿಯುತ್ತಾಳೆ. ಅವರನ್ನು ಕೇಳಿದರೆ ಸತ್ಯ ಸಿಗುತ್ತದೆ. ಅತ್ತೆಯ ಹೆಬ್ಬೆಟ್ಟಿನಿಂದ ಸಿಗುವುದು ಅತ್ತೆಯ ಒಪ್ಪಿಗೆ ಮಾತ್ರ.

ಆದ್ದರಿಂದ ನನ್ನ ಬೇಡಿಕೆಗಳು ಇವು:

1. ವಯಸ್ಕ ಹೆಣ್ಣುಮಗಳು ತನ್ನ ಹಾಗೂ ತನ್ನ ಬಳಿ ಇರುವ ಮಕ್ಕಳ ಹೆಸರನ್ನು ಹಳೆಯ ಕಾರ್ಡಿನಿಂದ ತೆಗೆಸಲು ಅವಳ ಅರ್ಜಿ, ಅವಳ ಬೆರಳಚ್ಚು ಸಾಕು. ಕಾರ್ಡಿನ ಮುಖ್ಯಸ್ಥರ ಒಪ್ಪಿಗೆ ಕೇಳಬಾರದು.

2. ವಿಚ್ಛೇದನದ ಆದೇಶ ಕೇಳಬಾರದು. ಗಂಡ ಬಿಟ್ಟವರಲ್ಲಿ, ಗಂಡನನ್ನು ಬಿಟ್ಟವರಲ್ಲಿ ಬಹಳ ಮಂದಿ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಸ್ಥಳ ಪರಿಶೀಲನೆಯೇ ಆಧಾರವಾಗಲಿ.

3. ಪರಿಶೀಲನೆ ಮುಗಿಯುವ ತನಕ ಅವಳ ಮತ್ತು ಮಕ್ಕಳ ಪಾಲಿನ ಧಾನ್ಯ, ಅವಳ ಬೆರಳಚ್ಚಿನ ಮೇಲೆ, ಅವಳು ಇರುವ ಊರಿನ ನ್ಯಾಯಬೆಲೆ ಅಂಗಡಿಯಲ್ಲೇ ಸಿಗಲಿ.

4. ತಿದ್ದುಪಡಿಗೆ ಕೆಲವೇ ದಿನ ಅವಕಾಶ ಕೊಟ್ಟು, ಆ ದಿನಗಳಲ್ಲೇ ಸರ್ವರ್ ಇಲ್ಲ ಎನ್ನುವ ಪದ್ಧತಿ ನಿಲ್ಲಲಿ. ದಿನಗೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ವಾಪಸಾಗುತ್ತಿದ್ದಾರೆ. ವರ್ಷವಿಡೀ ಅರ್ಜಿ ಪಡೆಯಿರಿ.

5. ಅರ್ಜಿಗೆ ಮೂವತ್ತು ದಿನಗಳ ಗಡುವು ಇರಲಿ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ. ಸರ್ಕಾರಿ ಸೇವೆಗಳಿಗೆ ಕಾಲಮಿತಿ ಹಾಕುವ ಸಕಾಲ ಕಾಯ್ದೆಯನ್ನು 2011ರಲ್ಲೇ ತಂದ ರಾಜ್ಯಕ್ಕೆ ಇದು ಹೊಸ ಪಾಠವಲ್ಲ.

ಇದಕ್ಕೆ ಹೊಸ ಯೋಜನೆ ಬೇಡ. ಅಕ್ಕಿ ಇದೆ, ಆ ಹೆಣ್ಣುಮಗಳ ಹೆಸರಿಗೆ ಮಂಜೂರೂ ಆಗಿದೆ, ತಲುಪುತ್ತಿರುವ ವಿಳಾಸ ಮಾತ್ರ ತಪ್ಪು. ಒಂದು ಸುತ್ತೋಲೆಯಿಂದ ಸರಿಪಡಿಸಬಹುದಾದ ತಪ್ಪನ್ನು ಮುಂದಿನ ತಿಂಗಳ ಪಡಿತರ ಹಂಚಿಕೆಗೆ ಮೊದಲೇ ಸರಿಪಡಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಮಾಜಶಾಸ್ತ್ರ ಅಧ್ಯಾಪಕಿ