ಭಾವನ ಬೆಟ್ಟದಲ್ಲೊಬ್ಬ ವೈದ್ಯ

ನಮ್ಮ ಆದೋನಿ ಸೀಮೆಯ ಹಳ್ಳಿಗಳಲ್ಲಿ ಯಾರಿಗಾದರೂ ಕಾಯಿಲೆ ಉಲ್ಬಣಿಸಿದರೆ, ಬಳ್ಳಾರಿಗೆ ಕರೆದೊಯ್ಯಬೇಕೋ ಕರ್ನೂಲಿಗೋ ಎಂಬ ಚರ್ಚೆ ಜಗುಲಿಯ ಮೇಲೆಯೇ ಆರಂಭವಾಗುತ್ತದೆ. ಎತ್ತ ಹೊರಟರೂ ಬಸ್ಸುಂಟು. ಬಸ್ಸಿಲ್ಲದ ಬೆಟ್ಟದವರ ಗತಿಯೇನು? ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಈ ಪ್ರಶ್ನೆಗೆ ಉತ್ತರವಾಗಿ ನಿಂತವರು ಡಾ. ಎಚ್. ಸುದರ್ಶನ್.

ಹನ್ನೆರಡನೆಯ ವಯಸ್ಸಿನಲ್ಲಿ ಅವರು ತಂದೆಯನ್ನು ಕಳೆದುಕೊಂಡರು. ಹಳ್ಳಿಯಲ್ಲಿ ವೈದ್ಯರ ನೆರವು ಸಿಕ್ಕಿರಲಿಲ್ಲ. 1973ರಲ್ಲಿ ಬೆಂಗಳೂರಿನಲ್ಲಿ ವೈದ್ಯಪದವಿ ಪಡೆದ ಮೇಲೆ, ನಗರದಲ್ಲಿ ಚಿಕಿತ್ಸಾಲಯ ತೆರೆಯದೆ ರಾಮಕೃಷ್ಣ ಮಿಷನ್ನಿನ ಸೇವೆಗೆ ತೆರಳಿದರು. ಅಲ್ಲಿಂದ ಬಂದು ಸೋಲಿಗರ ನಡುವೆ ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು.

ಸೋಲಿಗರ ಹಾಡಿಗೆ 'ಪೋಡು' ಎಂದು ಹೆಸರು. ತೆಲುಗು ಬಲ್ಲ ನಮ್ಮ ಮಕ್ಕಳು ಇದನ್ನು ಕಾಡು ಕಡಿದು ಮಾಡುವ ಬೇಸಾಯವೆಂದು ತಿಳಿದಾರು. ಅಲ್ಲಿ ಅದು ಜನರಿರುವ ಊರು. ಈ ಪೋಡುಗಳವರಿಗೆ ಬೆಟ್ಟದ ರಂಗನಾಥನು ಬರಿಯ ದೇವರಲ್ಲ, ಭಾವ. ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದವನೆಂದು ಆ ಸಲುಗೆ. ಕಾಡಿನ ನಡುವಿನ ದೊಡ್ಡಸಂಪಿಗೆ ಮರಕ್ಕೂ ಅವರ ಪೂಜೆ ಸಲ್ಲುತ್ತದೆ. ಸೇವಾಕೇಂದ್ರಕ್ಕೆ ವಿವೇಕಾನಂದರ ಹೆಸರಿದ್ದರೂ ಸೋಲಿಗರ ಭಾವ ಭಾವನಾಗಿಯೇ ಉಳಿದಿದ್ದಾನೆ, ಮರ ಮರವಾಗಿಯೇ ಪೂಜೆ ಪಡೆಯುತ್ತಿದೆ. ಧರ್ಮದ ಹೆಸರಿನ ಸೇವೆಗಳನ್ನು ಅಳೆಯುವಾಗ ನಾನು ಮೊದಲು ನೋಡುವುದು ಇದನ್ನೇ.

ವೈದ್ಯರಿಗೆ ಅಲ್ಲಿ ಎದುರಾದ ರೋಗಗಳಲ್ಲಿ ಕುಡುಗೋಲು ಕಣ ರಕ್ತಹೀನತೆಯೂ ಒಂದು. ದುಂಡಗಿರಬೇಕಾದ ಕೆಂಪು ರಕ್ತಕಣವು ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆ, ಕೀಲುಗಳಲ್ಲಿ ತಾಳಲಾರದ ನೋವು. ಅದು ಅಂಟುರೋಗವಲ್ಲ, ಶಾಪವೂ ಅಲ್ಲ. ತಂದೆತಾಯಿ ಇಬ್ಬರಲ್ಲೂ ಅದರ ಒಂದೊಂದು ಗುಣಾಣು ಅಡಗಿದ್ದರೆ, ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ವಿಚಿತ್ರವೆಂದರೆ, ಒಂದೇ ಗುಣಾಣು ಉಳ್ಳವರಿಗೆ ಮಾರಕ ಮಲೇರಿಯಾದಿಂದ ಬಹುಮಟ್ಟಿಗೆ ರಕ್ಷಣೆಯುಂಟು. ಮಲೇರಿಯಾ ಇರುವ ಸೀಮೆಗಳಲ್ಲಿ ಅದು ತಲೆಮಾರುಗಳವರೆಗೆ ಉಳಿದುಬಂದದ್ದು ಹೀಗೆ. ಕೇಂದ್ರ ಸರ್ಕಾರವು ಇದರ ನಿರ್ಮೂಲನಕ್ಕೆ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿದ್ದು 2023ರಲ್ಲಿ.

ಇಂಥ ರೋಗವನ್ನು ಗುಳಿಗೆ ಕೊಟ್ಟು ಕಳುಹಿಸಿ ಮುಗಿಸಲಾಗದು. ರಕ್ತಪರೀಕ್ಷೆ ಏಕೆ ಬೇಕು, ಮದುವೆಗೆ ಮುನ್ನ ಏನು ತಿಳಿದಿರಬೇಕು ಎಂಬುದನ್ನು ಮನೆಯೊಳಗೆ ಕುಳಿತು ಹೇಳಬೇಕು, ಅವರು ಹೇಳುವುದನ್ನೂ ಕೇಳಬೇಕು. ಸೋಲಿಗರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು, ಆದರೆ ಅದಕ್ಕೆ ತನ್ನದೇ ಲಿಪಿಯಿಲ್ಲ. ಮಕ್ಕಳು ಅಕ್ಷರ ಕಲಿಯುವುದು ಕನ್ನಡದಲ್ಲಿ. ಕೇಂದ್ರವು ಆಸ್ಪತ್ರೆಯ ಜೊತೆಗೆ ಶಾಲೆಯನ್ನೂ ನಡೆಸಿತು, ಗಿರಿಜನ ಹೆಣ್ಣುಮಕ್ಕಳಿಗೆ ದಾದಿಯರ ತರಬೇತಿಯನ್ನೂ ಕೊಟ್ಟಿತು. 1994ರಲ್ಲಿ ಸುದರ್ಶನ್ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದವು. ನನಗೆ ಅವೆರಡಕ್ಕಿಂತ ದೊಡ್ಡದಾಗಿ ಕಾಣುವುದು ಆ ದಾದಿಯರ ತರಬೇತಿಯೇ.

ಕನ್ನಡ ಶಾಲೆಯಲ್ಲಿ ಓದಿದರೆ ಮಗಳು ದಾದಿಯಾದಾಳೇ, ಮಗ ವೈದ್ಯನಾದಾನೇ ಎಂದು ನಮ್ಮಲ್ಲಿ ಕೇಳುವ ತಂದೆತಾಯಿಯರುಂಟು. ಮುಂದಿನ ಓದಿಗೆ ಇಂಗ್ಲಿಷು ಬೇಕು, ಅದನ್ನು ಕಲಿಯಲಿ. ಆದರೆ ನಮ್ಮ ಹಳ್ಳಿಯ ಮುದುಕಿ ಆಸ್ಪತ್ರೆಯ ಮಂಚದ ಮೇಲೆ "ಎದ್ಯಾಗ ಸೆಳಕು ಹೊಡ್ಯಾಕತ್ತೈತವ್ವ" ಎಂದಾಗ, ನಡುವೆ ತರ್ಜುಮೆಯವರಿಲ್ಲದೆ ಅರ್ಥಮಾಡಿಕೊಳ್ಳುವವಳು ಆ ಮಗಳೇ.