ಹಾಸ್ ಗಿಡವೇ ಬೇಕೆ? ನೆರೆಮನೆಯ ಮರ ಸಾಲದೆ?

ಮನೆ ಹಿತ್ತಲಲ್ಲಿ ಒಂದು ಬೆಣ್ಣೆಹಣ್ಣಿನ ಗಿಡ ಇರಲಿ ಎನ್ನುವವರು ಈಗ ಮೊದಲು ಕೇಳುವುದು, 'ಹಾಸ್ ಗಿಡ ಎಲ್ಲಿ ಸಿಗ್ತದೆ?' ಅಂತ. ನಾನೂ ಹಾಗೇ ಕೇಳಿದವನು. ಒಂದು ನರ್ಸರಿಯಿಂದ ನಾಲ್ಕು ಕಸಿ ಗಿಡ ತಂದೆ. ನೀರಿಗೆ ಅನುಕೂಲ ಅಂತ ಅಡಿಕೆ ತೋಟದ ಅಂಚಿನಲ್ಲೇ ನೆಟ್ಟೆ. ಮೊದಲ ವರ್ಷ ಚಿಗುರಿದ್ದು ನೋಡಿ ಬೀಗಿದ್ದೇ ಬಂತು. ಎರಡನೇ ಮಳೆಗಾಲಕ್ಕೆ ಎಲೆ ಹಳದಿಯಾಗಿ, ತುದಿಯಿಂದ ಒಣಗುತ್ತಾ ಬಂತು. ಕಿತ್ತು ನೋಡಿದರೆ ಸಪೂರ ಬೇರುಗಳೆಲ್ಲ ಕಪ್ಪು. ಬೇರುಕೊಳೆ! ಇದನ್ನು ತರುವ ಫೈಟೋಫ್ತೊರಾ ನಮ್ಮ ಅಡಿಕೆ ಕೊಳೆರೋಗದ ದಾಯಾದಿಯೇ.

ತಪ್ಪು ಜಾಗದ್ದು, ಒಪ್ಪಿದೆ. ಆದರೆ ಗಿಡ ಕೊಟ್ಟವರು ಹಣ್ಣಿನ ರೇಟು ಹೇಳಿದರೇ ಹೊರತು ನೀರು ಬಸಿಯುವ ಜಾಗ ಇದೆಯಾ ಅಂತ ಕೇಳಲಿಲ್ಲ.

ಅದೇ ಹೊತ್ತಿಗೆ ನೆರೆಮನೆಯ ದರೆಯ ಮೇಲೆ, ಯಾರೋ ತಿಂದೆಸೆದ ಬೀಜದಿಂದ ಎದ್ದ ಮರ ಗೊಬ್ಬರ, ಆರೈಕೆ ಏನೂ ಇಲ್ಲದೆ ಕಾಯಿ ಬಿಡುತ್ತಿತ್ತು. ಇದಕ್ಕೆ ಹೆಸರಿಲ್ಲ, ಹಾಗಾಗಿ ಬೆಲೆಯೂ ಇಲ್ಲ.

ಹಾಸ್‌ಗೆ ಹೆಸರು ಬಂದದ್ದಾದರೂ ಹೇಗೆ? ಕ್ಯಾಲಿಫೋರ್ನಿಯಾದಲ್ಲಿ ರುಡಾಲ್ಫ್ ಹಾಸ್ ಎಂಬ ಅಂಚೆಯವರು 1920ರ ದಶಕದಲ್ಲಿ ಬೀಜದ ಗಿಡ ಬೆಳೆಸಿ ಕಸಿ ಕಟ್ಟಲು ಹೋದರು. ಒಂದು ಗಿಡಕ್ಕೆ ಕಸಿ ಹಿಡಿಯಲೇ ಇಲ್ಲ. ಅದನ್ನು ಹಾಗೇ ಬಿಟ್ಟರು. ಅದರ ಹಣ್ಣು ರುಚಿಯಾಗಿತ್ತು. 1935ರಲ್ಲಿ ಪೇಟೆಂಟ್ ಆಯ್ತು. ಜಗತ್ತಿನ ಹಾಸ್ ಮರಗಳೆಲ್ಲ ಆ ಒಂದು ಮರದ ಕಡ್ಡಿಯ ಸಂತಾನ. ತಾಯಿಮರ ಸತ್ತದ್ದು 2002ರಲ್ಲಿ, ಅದೂ ಬೇರುಕೊಳೆಯಿಂದಲೇ!

ಹಾಸ್ ಕೆಟ್ಟದ್ದು ಅಂತಲ್ಲ. ದಪ್ಪ ಸಿಪ್ಪೆ, ದೂರದ ಸಾಗಾಟ ತಡೆಯುತ್ತದೆ. ಹಿತ್ತಲಿನ ಹಣ್ಣು ಅಡುಗೆಮನೆ ತಲಪಿದರೆ ಸಾಕಲ್ಲ! ನಮ್ಮ ಮಳೆ, ಸೆಕೆ ತಡೆದು ನಿಂತ ಮರವೇ ನಮಗೆ ತಳಿ. ಕೊಡಗಿನ ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದಿಂದ ಬಂದ ಅರ್ಕ ಸುಪ್ರೀಂ, ಅರ್ಕ ಕೂರ್ಗ್ ರವಿ ಕೂಡ ನಮ್ಮ ಹವೆಯವೇ.

ಹಾಗಂತ ಒಳ್ಳೆ ಹಣ್ಣಿನ ಬೀಜ ಹಾಕಿ ಕಾಯಬೇಡಿ. ಬೀಜದ ಗಿಡ ತಾಯಿಯಂತೆ ಬರುವುದಿಲ್ಲ, ಕಾಯಿ ಬಿಡಲು ಆರೇಳು ವರ್ಷವೂ ಬೇಕಾದೀತು. ಯಾವುದೋ ಬೀಜದ ಗಿಡ ಪೆನ್ಸಿಲ್ ದಪ್ಪ ಬಂದಾಗ ಮೆಚ್ಚಿದ ಮರದ ಕಡ್ಡಿ ತಂದು ಕಸಿ ಕಟ್ಟಿ. ಕಡ್ಡಿ ಕೇಳುವ ಮೊದಲು ಹಣ್ಣು ತಿಂದು ನೋಡಿ: ನಾರಿದೆಯೆ, ಕಹಿಯೆ, ಸಿಪ್ಪೆ ಸಲೀಸಾಗಿ ಬಿಡುತ್ತದೆಯೆ? ಕಾಯಿ ಮರದಲ್ಲಿ ಮೆತ್ತಗಾಗದು, ಕೊಯ್ದು ನಾಲ್ಕಾರು ದಿನ ಇಡಬೇಕು. ಒಂದನ್ನು ಕೊಯ್ದು ಸೀಳಿ ನೋಡಿ. ಬೀಜದ ಸಿಪ್ಪೆ ಕಂದಾಗಿದ್ದರೆ ಬೆಳೆದಿದೆ ಎಂದರ್ಥ.

ಸಾಧ್ಯವಾದರೆ ಎರಡು ಬೇರೆ ಬೇರೆ ಮರದ ಕಡ್ಡಿ ತನ್ನಿ. ಇದರ ಹೂವು ಎರಡು ಸಲ ಅರಳುತ್ತದೆ, ಮೊದಲು ಹೆಣ್ಣಾಗಿ, ಮರುದಿನ ಗಂಡಾಗಿ. ಕೆಲವು ಮರದಲ್ಲಿ ಹೆಣ್ಣು ಬೆಳಗ್ಗೆ, ಕೆಲವದರಲ್ಲಿ ಮಧ್ಯಾಹ್ನ. ಎರಡೂ ಬಗೆ ಹತ್ತಿರವಿದ್ದರೆ ಕಾಯಿಕಟ್ಟು ಹೆಚ್ಚು. ನೆಡುವುದು ಮಾತ್ರ ದಿಬ್ಬದಲ್ಲಿ. ಬಚ್ಚಲ ನೀರು ಹೋಗುವ ಕಡೆ ಬೇಡವೇ ಬೇಡ. ಬುಡಕ್ಕೆ ತರಗೆಲೆ ಹಾಕಿ, ಕಾಂಡಕ್ಕೆ ತಾಗದಂತೆ.

ನೆರೆಮನೆ ಮರದ ಕಡ್ಡಿಯಿಂದ ಈ ಸಲ ಐದು ಕಸಿ ಕಟ್ಟಿದೆ, ಮೂರು ಹಿಡಿದಿವೆ. ಒಂದನ್ನು ಅವರಿಗೇ ಕೊಡಬೇಕು. ಅವರ ಮರಕ್ಕೂ ವಯಸ್ಸಾಯ್ತು.