ಏನೂ ಮಾಡದೆ ತಡೆಯುವ ವಿದ್ಯೆ

ಅಮೆರಿಕದ ಸೆನೆಟ್ ಸಭೆಯಲ್ಲಿ ಫಿಲಿಬಸ್ಟರ್ ಎಂಬುದೊಂದು ಪದ್ಧತಿಯುಂಟು. ಅಲ್ಪಮತದ ಪಕ್ಷದವರು ಚರ್ಚೆಯನ್ನು ಮುಗಿಯಗೊಡದೆ ಮತದಾನವೇ ನಡೆಯದಂತೆ ಮಾಡುವುದು. ಚರ್ಚೆ ನಿಲ್ಲಬೇಕಾದರೆ ನೂರು ಸದಸ್ಯರಲ್ಲಿ 60 ಮಂದಿ ಒಪ್ಪಬೇಕು. ಅಧ್ಯಕ್ಷ ಬುಷ್ 2001ರಲ್ಲಿ ಮಿಗೆಲ್ ಎಸ್ಟ್ರಾಡಾ ಎಂಬ ವಕೀಲರನ್ನು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯಕ್ಕೆ ಹೆಸರಿಸಿದರು. ವಿರೋಧ ಪಕ್ಷದವರು ಹೀಗೆಯೇ ಅಡ್ಡಗಟ್ಟಿದರು. 2003ರಲ್ಲಿ ಎಸ್ಟ್ರಾಡಾ ತಾವೇ ಹಿಂದೆ ಸರಿದರು. ನ್ಯಾಯಾಧೀಶರ ವಿಷಯದಲ್ಲಿ 60ರ ಈ ಕಟ್ಟನ್ನು 2013ರಲ್ಲಿ ಕೆಳಗಿನ ನ್ಯಾಯಾಲಯಗಳ ಮಟ್ಟಿಗೆ ಒಂದು ಪಕ್ಷ ಸಡಿಲಿಸಿತು, 2017ರಲ್ಲಿ ಸುಪ್ರೀಂ ಕೋರ್ಟಿನ ಮಟ್ಟಿಗೆ ಇನ್ನೊಂದು ಪಕ್ಷ ಸಡಿಲಿಸಿತು. ಬಹುಮತ ಕೈಗೆ ಬಂದಾಗ ಎಲ್ಲರಿಗೂ ಒಂದೇ ಬುದ್ಧಿ!

ನ್ಯಾಯಾಧೀಶರ ನೇಮಕಕ್ಕೆ ನಮ್ಮ ಸಂಸತ್ತಿನಲ್ಲಿ ಮತದಾನವಿಲ್ಲ. ಆದುದರಿಂದ ನಮಗೆ ಈ ರಗಳೆಯಿಲ್ಲವೆಂದು ವಾಚಕ ಬಂಧುಗಳು ಸಮಾಧಾನಪಡಬಾರದು. ಹಿರಿಯ ನ್ಯಾಯಾಧೀಶರ ಕೊಲಿಜಿಯಂ ಹೆಸರು ಕಳಿಸುತ್ತದೆ. ಸರಕಾರ ಅದನ್ನು ಹಿಂದಿರುಗಿಸಬಹುದು. ಅದೇ ಹೆಸರು ಮತ್ತೆ ಬಂದರೆ ನೇಮಿಸಬೇಕೆಂಬುದು 1993ರ ತೀರ್ಪಿನಿಂದ ಬಂದ ಕ್ರಮ. ಹಾಗೆ ಮತ್ತೆ ಬಂದ ಮೇಲೆ ಮೂರು ನಾಲ್ಕು ವಾರಗಳೊಳಗೆ ನೇಮಕವಾಗಬೇಕೆಂದು ಸುಪ್ರೀಂ ಕೋರ್ಟು 2021ರ ಏಪ್ರಿಲಿನಲ್ಲಿ ಹೇಳಿತು.

ಬೆಂಗಳೂರಿನ ಹಿರಿಯ ವಕೀಲ ಆದಿತ್ಯ ಸೋಂಧಿಯವರ ಹೆಸರನ್ನು ಕರ್ನಾಟಕ ಹೈಕೋರ್ಟಿಗೆಂದು ಆ ವರ್ಷದ ಫೆಬ್ರವರಿಯಲ್ಲಿ ಕಳಿಸಲಾಗಿತ್ತು; ಸೆಪ್ಟೆಂಬರಿನಲ್ಲಿ ಮತ್ತೆ ಕಳಿಸಲಾಯಿತು. ನೇಮಕದ ಆಜ್ಞೆ ಹೊರಡಲಿಲ್ಲ. 2022ರ ಫೆಬ್ರವರಿಯಲ್ಲಿ ಅವರು ತಮ್ಮ ಸಮ್ಮತಿಯನ್ನು ಹಿಂತೆಗೆದುಕೊಂಡರು.

ಸರಕಾರಿ ಗುಮಾಸ್ತನಾದ ನನಗೆ ಈ ವಿದ್ಯೆ ಹೊಸತಲ್ಲ. ಬೇಡವೆಂದರೆ ಕಾರಣ ಬರೆಯಬೇಕು, ಕೆಳಗೆ ರುಜು ಹಾಕಬೇಕು, ರುಜು ಹಾಕಿದವನು ನಾಳೆ ಉತ್ತರ ಹೇಳಬೇಕು. ಕಡತವನ್ನು ಕಪಾಟಿನಲ್ಲಿಟ್ಟವನಿಗೆ ಇದಾವ ತೊಂದರೆಯೂ ಇಲ್ಲ. ಸೆನೆಟ್ಟಿನಲ್ಲಿ ಅಡ್ಡಿ ಮಾಡಿದವರ ಹೆಸರಾದರೂ ದಾಖಲೆಯಲ್ಲಿ ಉಳಿಯಿತು, ಅವರ ಮತದಾರರು ಅವರನ್ನು ಕೇಳಬಹುದಾಗಿತ್ತು. ನಮ್ಮಲ್ಲಿ ಯಾರನ್ನು ಕೇಳೋಣ?

ಎದುರಿಗೇ ಹೊಡೆದ ಪೆಟ್ಟಾದರೆ ಬೇರೆ ಮಾತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಮೊಕದ್ದಮೆಯ ತೀರ್ಪು 1973ರ ಏಪ್ರಿಲ್ 24ರಂದು ಬಂದಿತು. ಮರುದಿನವೇ ನಮ್ಮ ಕೆ. ಎಸ್. ಹೆಗ್ಡೆಯವರೂ ಸೇರಿ ಮೂವರು ಹಿರಿಯರನ್ನು ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಾಧೀಶರೆಂದು ಪ್ರಕಟಿಸಲಾಯಿತು. ಮೂವರೂ ರಾಜೀನಾಮೆಯಿತ್ತರು, ದೇಶವೆಲ್ಲ ಮಾತಾಡಿತು. ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರರಾದರು. ಕಪಾಟಿನಲ್ಲಿ ಉಳಿದ ಹೆಸರಿಗಾಗಿ ಯಾರು ಬೀದಿಗಿಳಿಯುತ್ತಾರೆ?

ಹಾಗೆಂದು ಕೊಲಿಜಿಯಂ ಪಾರದರ್ಶಕವಾಗಿದೆಯೆಂದು ನಾನು ಹೇಳಲಾರೆ. ನಮ್ಮ ಹೈದರಾಬಾದಿನ ಹೈಕೋರ್ಟಿನಲ್ಲಿ ಕೆಲಸ ಮಾಡಿದ ಚೆಲಮೇಶ್ವರ ಅವರೇ 2015ರ ಭಿನ್ನ ತೀರ್ಪಿನಲ್ಲಿ ಅದರ ಗುಟ್ಟಿನ ವ್ಯವಹಾರವನ್ನು ಆಕ್ಷೇಪಿಸಿದ್ದರು. ಆಯ್ಕೆ ತಪ್ಪೆಂದು ಸರಕಾರಕ್ಕೆ ತೋರಿದರೆ ಕಾರಣ ಬರೆದು ಹಿಂದಿರುಗಿಸಲಿ. ಇದು ದೊಡ್ಡವರ ಜಗಳವಷ್ಟೇ ಎನ್ನುವಂತಿಲ್ಲ. ಕಲಬುರಗಿ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದ ಕುಟುಂಬಗಳ ಹೊಲದ ವ್ಯಾಜ್ಯ ಅಲ್ಲಿಯ ಹೈಕೋರ್ಟು ಪೀಠಕ್ಕೇ ಹೋಗುವುದು. ನ್ಯಾಯಾಧೀಶರು ಒಬ್ಬರು ಕಡಮೆಯಾದರೆ ವಾಯಿದೆ ಮುಂದಕ್ಕೆ ಬೀಳುತ್ತದೆ, ರಜೆ ಹಾಕಿ ರೈಲು ಹತ್ತಿದ್ದು ವ್ಯರ್ಥವಾಗುತ್ತದೆ.

ಕೊನೆಗೆ ಬೆಂಗಳೂರಿನ ವಕೀಲರ ಸಂಘವೇ ಸುಪ್ರೀಂ ಕೋರ್ಟಿಗೆ ಹೋಯಿತು. ಹೆಸರುಗಳನ್ನು ತಡೆಹಿಡಿಯುವುದು ಅಭ್ಯರ್ಥಿಗಳು ತಾವೇ ಹಿಂದೆ ಸರಿಯುವಂತೆ ಮಾಡುವ ಉಪಾಯವಾಗುತ್ತಿದೆಯೆಂದು ಕೌಲ್ ಮತ್ತು ಓಕ ಅವರ ಪೀಠ 2022ರ ನವೆಂಬರಿನಲ್ಲಿ ಬರೆಯಿತು. ಓಕ ಅವರು ಹಿಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದವರು. ಆ ಹೊತ್ತಿಗೆ ಸೋಂಧಿಯವರು ಹಿಂದೆ ಸರಿದು ಒಂಬತ್ತು ತಿಂಗಳಾಗಿತ್ತು.